ಶಹಾಬಾದ್ ಕಲ್ಲಿನ ಮೇಲೆ ನಾಲ್ಕು ಗಾಲಿ

ಟಕ್-ಟಕ್, ಟಕ್-ಟಕ್, ಟಕ್-ಟಕ್. ಆಮೇಲೆ ಒಂದರೆಗಳಿಗೆ ಏನೂ ಇಲ್ಲ. ಆಮೇಲೆ ಧಡಾರ್.

ಬೆಳಗಿನ ಆರೂವರೆಗೆ ನಮ್ಮ ಸೊಸೈಟಿಯ ಪಾರ್ಕಿಂಗಿನಿಂದ ಈ ಸದ್ದು ಏಳತೊಡಗಿ ಕೆಲವು ವರ್ಷವಾಯಿತು. ಈಗ ನನಗೆ ಮೇಲೆ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟುಕೊಂಡು ನಿಂತೇ ಕೆಳಗೆ ಏನಾಗುತ್ತಿದೆ ಎಂದು ಹೇಳಲು ಬರುತ್ತದೆ. ಜೋಡಿ ಟಕ್ ಎಂದರೆ ಕಲ್ಲಿನ ಸಂದು: ಸ್ಕೇಟ್‌ಬೋರ್ಡಿನ ಮುಂದಿನ ಗಾಲಿ ದಾಟಿದಾಗ ಒಂದು, ಹಿಂದಿನದು ದಾಟಿದಾಗ ಇನ್ನೊಂದು. ಸದ್ದಿಲ್ಲ ಎಂದರೆ ಹುಡುಗ ನೆಲ ಬಿಟ್ಟಿದ್ದಾನೆ. ಧಡಾರ್ ಎಂದರೆ ಹಲಗೆ ಒಂದು ಕಡೆ, ಅವನೊಂದು ಕಡೆ. ಧಡಾರ್ ಆದ ಮೇಲೆ ಎರಡನೆಯ ಮಹಡಿಯ ಕಿಟಕಿಯೊಂದು ತೆರೆದುಕೊಂಡು ಶುದ್ಧ ಮರಾಠಿಯಲ್ಲಿ ಒಂದು ಪ್ರಶ್ನೆ ಕೆಳಗಿಳಿಯುತ್ತದೆ. ಉತ್ತರ ಬೇಡದ ಪ್ರಶ್ನೆ ಅದು.

ಪುಣೆಯ ಕೋಥರೂಡಿನಲ್ಲಿ ಆ ಹೊತ್ತು ಪೆನ್ಶನ್‌ದಾರರದು. ಕೈಯಲ್ಲಿ ಕೋಲು, ತಲೆಗೆ ಮಂಗಿಟೋಪಿ, ಕಾಲಿಗೆ ಮಗ ಅಮೆರಿಕದಿಂದ ತಂದುಕೊಟ್ಟ ಬೂಟು; ವೇತಾಳ ಟೇಕಡಿ ಹತ್ತಿ ಇಳಿದು, ಹಾಲಿನ ಚೀಲ ಹಿಡಿದು ಮನೆಗೆ ಬರುವವರು. ಏಷ್ಯಾದಲ್ಲೇ ಅತಿ ವೇಗವಾಗಿ ಬೆಳೆದ ಉಪನಗರ ನಮ್ಮದು ಎಂದು ಇಲ್ಲಿಯವರು ಹೇಳಿಕೊಳ್ಳುವುದುಂಟು. ಬೆಳೆದದ್ದು ನಿಜ, ಆದರೆ ಬೆಳೆಸಿದವರು ಬ್ಯಾಂಕು, ಎಲ್‌ಐಸಿ, ಟೆಲಿಫೋನು ಇಲಾಖೆಗಳಲ್ಲಿ ಮೂವತ್ತು ಮೂವತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಸಾಲ ತೀರಿಸಿದವರು. ಇಂಥ ಊರಿನಲ್ಲಿ ನಿಂತು ‘ನಾನು ದೊಡ್ಡವನಾದ ಮೇಲೆ ವರ್ಟ್ ಸ್ಕೇಟರ್ ಆಗ್ತೀನಿ, ಹಲಗೆ ಮೇಲೆ ನೆಟ್ಟನೆ ಗೋಡೆ ಹತ್ತಿ ಇಳಿಯೋನು’ ಎನ್ನಲಿಕ್ಕೆ ಧೈರ್ಯ ಬೇಕು. ಬೀಳುವ ಧೈರ್ಯ ಇದರ ಮುಂದೆ ಏನೂ ಅಲ್ಲ.

ಹುಡುಗನಿಗೆ ಹದಿಮೂರು. ಅಪ್ಪ ಹಿಂಜವಡಿಯಲ್ಲಿ ಸಾಫ್ಟ್‌ವೇರ್, ಅಜ್ಜಿ ಜಮಖಂಡಿಯವರು. ಅವನ ಕನ್ನಡ ಅಜ್ಜಿಯದು, ಜಗಳ ಮರಾಠಿಯದು, ಹಲಗೆಗೆ ಸಂಬಂಧಪಟ್ಟದ್ದೆಲ್ಲ ಇಂಗ್ಲಿಷಿನದು. ನನ್ನನ್ನು ‘ಕಾಕಾ’ ಎನ್ನುತ್ತಾನೆ.

ಕೋಥರೂಡನ್ನು ಗಾಲಿಯಿಂದ ಅಳೆದವನು ಅವನೊಬ್ಬನೇ ಇರಬೇಕು. ಫುಟ್‌ಪಾತಿನ ಪೇವರ್ ಬ್ಲಾಕು ಕೆಲಸಕ್ಕೆ ಬರುವುದಿಲ್ಲ, ಹಲ್ಲು ಕಟಕಟ ಎನ್ನುತ್ತವೆ. ರಸ್ತೆಯ ಡಾಂಬರಿನಲ್ಲಿ ಮಳೆಗಾಲ ಮುಗಿದ ಮೇಲೆ ಜಲ್ಲಿಯೇ ಉಳಿದಿರುತ್ತದೆ. ಹುಣಸೆಬೀಜದಷ್ಟು ಕಲ್ಲು ಸಾಕು, ಗಾಲಿ ಅಲ್ಲೇ ಕಚ್ಚಿ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿಯುವ ಇಳಿಜಾರು ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಕಾರು ಜಾರದಿರಲೆಂದು ಅದಕ್ಕೆ ಅಡ್ಡಡ್ಡ ಗೀರು ಹಾಕಿರುತ್ತಾರೆ. ಯಶವಂತರಾವ್ ಚವ್ಹಾಣ ನಾಟ್ಯಗೃಹದ ಮೆಟ್ಟಿಲುಗಳಲ್ಲಿ ಕಾವಲುಗಾರ. ವನಾಜ್‌ನಿಂದ ಶುರುವಾಗುವ ಮೆಟ್ರೊ ಕಂಬಗಳು 2022ರಲ್ಲಿ ರೈಲು ಓಡುವ ಮೊದಲಿಂದಲೂ ಅವನ ಕಣ್ಣಿನಲ್ಲಿವೆ. ಒಮ್ಮೆ ಕಂಬಕ್ಕೆ ಅಂಗೈ ಹಚ್ಚಿ ಹೇಳಿದ್ದ: “ಎಷ್ಟ ನುಣುಪ ಐತಿ ನೋಡ್ರಿ ಕಾಕಾ. ಆದರ ಬುಡದಾಗ ಬಾಗಿಲ್ಲ.”

ಉಳಿದದ್ದು ನಮ್ಮ ಹಳೆಯ ಕಟ್ಟಡದ ಪಾರ್ಕಿಂಗಿನ ಶಹಾಬಾದ್ ಕಲ್ಲು. ಕಲಬುರಗಿ ಸೀಮೆಯ ಗಣಿಯಿಂದ ಬಂದದ್ದು. ಪುಣೆಯ ಹಳೆಯ ಮನೆಗಳ ಅಂಗಳ, ಮೋರಿ, ಅಡುಗೆಮನೆಯ ಕಟ್ಟೆ ಎಲ್ಲದರಲ್ಲೂ ಈ ಬೂದಿಬಣ್ಣದ ಕನ್ನಡದ ಕಲ್ಲೇ ಇರುತ್ತಿತ್ತು; ಇವರು ಅದನ್ನು ‘ಶಹಾಬಾದಿ ಫರಶಿ’ ಎನ್ನುತ್ತಾರೆ. ನಲವತ್ತು ವರ್ಷ ಚಪ್ಪಲಿ, ಸೈಕಲ್ಲು, ಬಜಾಜ್ ಸ್ಕೂಟರು ತಿಕ್ಕಿ ತಿಕ್ಕಿ ನಮ್ಮ ಪಾರ್ಕಿಂಗಿನ ಕಲ್ಲು ಮಜ್ಜಿಗೆ ಸವರಿದ ಹಾಗೆ ಆಗಿದೆ. ಉದ್ದ ಇಪ್ಪತ್ತೆರಡು ಹೆಜ್ಜೆ. ಅಷ್ಟೇ ಅವನ ಮೈದಾನ. ಅದೂ ಎಷ್ಟು ದಿನವೋ. ರೀಡೆವಲಪ್‌ಮೆಂಟಿನ ಮಾತು ಮೂರು ಮೀಟಿಂಗು ದಾಟಿದೆ.

ಭಾನುವಾರ ಅವನು ಗಾಲಿ ಬಿಚ್ಚುತ್ತಾನೆ. ಹಳೆಯ ‘ಸಕಾಳ’ ಪತ್ರಿಕೆ ಹಾಸಿ, ಬಟ್ಟಲಲ್ಲಿ ಸೀಮೆಎಣ್ಣೆಯ ಬದಲು ಅಪ್ಪನ ಥಿನ್ನರು ಹಾಕಿಕೊಂಡು, ಒಂದೊಂದೇ ಬೇರಿಂಗನ್ನು ಅದ್ದಿ, ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿ, ಕಿವಿಗೆ ಹಿಡಿಯುತ್ತಾನೆ. ಗಾಲಿಗೆ ಎರಡರಂತೆ ಎಂಟು. ನಂಬರು 608: ಒಳತೂತು 8 ಮಿಲಿಮೀಟರು, ಹೊರವ್ಯಾಸ 22, ದಪ್ಪ 7. ಆ ಪುಟ್ಟ ಬಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ನನ್ನ ಮೂಗಿಗೆ ಧಾರವಾಡದ ಗ್ಯಾರೇಜಿನ ಗ್ರೀಸು ಬಡಿಯಿತು. ನಮ್ಮ ಕಾಲಕ್ಕೆ ಲಾರಿ ಮಿಸ್ತ್ರಿ ಒಗೆದ ಬೇರಿಂಗು ಮೂರು, ಅಡ್ಡಪಟ್ಟಿ ಹೊಡೆದ ಹಲಗೆ ಒಂದು, ತಿರುಗಿಸಲಿಕ್ಕೆ ಹಗ್ಗ: ಇಷ್ಟಾದರೆ ಬೇರಿಂಗ್ ಗಾಡಿ. ಕರ್ನಾಟಕ ಕಾಲೇಜಿನ ಇಳುಕಲಿನಲ್ಲಿ ಅದು ಎಬ್ಬಿಸುತ್ತಿದ್ದ ಗರಗರ ಸದ್ದಿಗೆ ಅರ್ಧ ಓಣಿ ಹೊರಗೆ ಬರುತ್ತಿತ್ತು. ಬ್ರೇಕು ನಮ್ಮ ಹಿಮ್ಮಡಿ. ಹಿಮ್ಮಡಿ ಸವೆದದ್ದನ್ನು ಅವ್ವನಿಂದ ಮುಚ್ಚಿಡುವುದೇ ದೊಡ್ಡ ಆಟ.

ಅದೇ ಹೊತ್ತಿಗೆ ಭೂಮಿಯ ಆ ಬದಿಯಲ್ಲಿ ಬೇರೆ ಹುಡುಗರು ಅದನ್ನೇ ನಿಂತು ಮಾಡುತ್ತಿದ್ದರು. ರೋಲರ್ ಸ್ಕೇಟಿನ ಗಾಲಿ ಕಿತ್ತು ಹಲಗೆಗೆ ಜಡಿದದ್ದೇ ಕ್ಯಾಲಿಫೋರ್ನಿಯಾದ ಮೊದಲ ಸ್ಕೇಟ್‌ಬೋರ್ಡು. ಎಪ್ಪತ್ತರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬವನು ಅದಕ್ಕೆ ಯುರಿಥೇನ್ ಗಾಲಿ ತೊಡಿಸಿದ ಮೇಲೆ ಹಲಗೆ ನೆಲವನ್ನು ಕಚ್ಚಿ ಹಿಡಿಯತೊಡಗಿತು. ಅದರ ಹಿಂದೆಯೇ ಬರಗಾಲ. 1976–77ರಲ್ಲಿ ಅಲ್ಲಿ ಮಳೆ ಕೈಕೊಟ್ಟು ಶ್ರೀಮಂತರ ಹಿತ್ತಲಿನ ಈಜುಕೊಳಗಳು ಬತ್ತಿದವು. ತಳದಲ್ಲಿ ದುಂಡಗೆ ಬಾಗಿ ಮೇಲೆ ನೆಟ್ಟಗೆ ಏಳುವ ಸಿಮೆಂಟಿನ ಗೋಡೆ! ಹುಡುಗರು ಬೇಲಿ ಹಾರಿ ಒಳಗಿಳಿದರು. ಪೊಲೀಸರು ಬರುವ ತನಕ ಗೋಡೆ ಹತ್ತಿ ಇಳಿದರು. ವರ್ಟ್ ಎಂಬ ಆಟ ಕಣ್ಣುಬಿಟ್ಟದ್ದು ಹಾಗೆ, ನೀರಿಲ್ಲದ ಬಾವಿಯಂಥ ಜಾಗದಲ್ಲಿ.

ಹುಡುಗ ಫೋನು ಒರೆಸಿ ನನ್ನ ಮುಂದೆ ಹಿಡಿಯುತ್ತಾನೆ. ಎಷ್ಟನೆಯ ಸಲವೋ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲಿನ ವಿಡಿಯೊ: 1999ರ ಜೂನ್ 27, ಸ್ಯಾನ್‌ಫ್ರಾನ್ಸಿಸ್ಕೊ, ಎಕ್ಸ್ ಗೇಮ್ಸ್. ಇಂಗ್ಲಿಷಿನ ‘ಯು’ ಅಕ್ಷರವನ್ನು ಅಗಲಿಸಿ ಇಟ್ಟಂಥ ಮರದ ರಾಂಪು. ಇಂಥ ರಾಂಪು ಸಾಮಾನ್ಯವಾಗಿ 13–14 ಅಡಿ ಎತ್ತರ, ಎಂದರೆ ನಮ್ಮ ಕಟ್ಟಡದ ಮೊದಲ ಮಹಡಿಯ ಗ್ಯಾಲರಿಯ ಕಟಾಂಜನದಷ್ಟು. ಬುಡದಲ್ಲಿ ಚಪ್ಪಟೆ, ಅಲ್ಲಿಂದ ಬಾಗಿ ಬಾಗಿ ಏರಿ, ಕೊನೆಯ ಒಂದೆರಡು ಅಡಿ ಗೂಟ ಹೊಡೆದ ಹಾಗೆ ನೆಟ್ಟಗೆ. ಆ ಒಂದೆರಡು ಅಡಿಯ ದೆಸೆಯಿಂದಲೇ ಆಟಕ್ಕೆ ವರ್ಟ್ ಎಂಬ ಹೆಸರು. ತುದಿಗೆ ಉಕ್ಕಿನ ಕೊಳವೆ ಕೂರಿಸಿರುತ್ತಾರೆ, ಅದಕ್ಕೆ ಕೋಪಿಂಗ್ ಎನ್ನುತ್ತಾರೆ. ಮೊದಲ ಸಲ ಇಳಿಯುವವನು ಹಲಗೆಯ ಬಾಲವನ್ನು ಕೊಳವೆಯ ಮೇಲೆ ಒತ್ತಿ, ಮುಂಗಾಲನ್ನು ಬರಿಗಾಳಿಯ ಮೇಲೆ ಊರಿ, ಮೈಯನ್ನೆಲ್ಲ ಪಾತಾಳಕ್ಕೆ ಕೊಟ್ಟುಬಿಡಬೇಕು. ಹೆದರಿ ಹಿಂದಕ್ಕೆ ವಾಲಿದನೋ, ಹಲಗೆ ಮುಂದೋಡುತ್ತದೆ, ಇವನು ಬೆನ್ನಿನ ಮೇಲೆ. ಗಟ್ಟಿಯಾಗಿ ನಂಬಿದವನಿಗೆ ಪೆಟ್ಟು ಕಡಿಮೆ.

ಬುಡ ಮುಟ್ಟುವಾಗ ವೇಗ ಗಂಟೆಗೆ ಮೂವತ್ತು ಕಿಲೊಮೀಟರಿಗೂ ಮೇಲೆ, ಪೌಡ್ ರಸ್ತೆಯ ಸ್ಕೂಟರಿನ ಸಂಜೆಯ ವೇಗಕ್ಕಿಂತ ಜಾಸ್ತಿ. ಆದರೆ ಇಳಿದಷ್ಟೇ ಏರಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಘರ್ಷಣೆ ತನ್ನ ಪಾಲು ಕೇಳುತ್ತದಲ್ಲ. ಕೊಳವೆಯನ್ನು ದಾಟಿ ಮೇಲೆ ಹಾರಲು ಇನ್ನಷ್ಟು ಬಲ ಎಲ್ಲಿಂದ ಬಂತು? ಹುಡುಗ ಇದಕ್ಕೆ ‘ಪಂಪ್’ ಎನ್ನುತ್ತಾನೆ. ವಿಡಿಯೊ ನಿಧಾನವಾಗಿ ಓಡಿಸಿ ನೋಡಿದೆ. ಬಾಗಿನ ಬುಡದಲ್ಲಿ ಆಟಗಾರ ಮೊಣಕಾಲು ಮಡಿಚಿಕೊಂಡು, ಬಾಗು ಏರುತ್ತಿದ್ದಂತೆ ಮೈಯನ್ನು ಚಾಚಿ ಎದ್ದು ನಿಲ್ಲುತ್ತಾನೆ.

“ಇದು ಜೀಕೂದಲ್ಲೇನೋ ತಮ್ಮಾ!” ಎಂದೆ.

ಪಂಚಮಿಯ ಜೋಕಾಲಿಯಲ್ಲಿ ನಮ್ಮ ಅಕ್ಕಂದಿರು ನಿಂತು ಜೀಕುತ್ತಿದ್ದದ್ದು ಇದೇ ಲೆಕ್ಕ. ಬುಡದಲ್ಲಿ ಎದ್ದು ನಿಂತು ಮೈಯನ್ನು ಹಗ್ಗ ಕಟ್ಟಿದ ಬಿಂದುವಿನ ಕಡೆ ಎತ್ತಿದರೆ ಜೋಕಾಲಿ ಪ್ರತಿ ಸಲ ಗೇಣು ಮೇಲೇರುತ್ತದೆ. ರಾಂಪಿಗೆ ಹಗ್ಗ ಇಲ್ಲ, ಅಷ್ಟೇ. ಭೌತಶಾಸ್ತ್ರದ ಮಾಸ್ತರರು ಕೋನೀಯ ಸಂವೇಗ ಎಂದು ಬೋರ್ಡಿನ ಮೇಲೆ ಬರೆದದ್ದನ್ನು ಕನ್ನಡ ಎರಡಕ್ಷರದಲ್ಲಿ ಮುಗಿಸಿದೆ. ಹುಡುಗನಿಗೆ ಆ ಮಾತು ಹಿಡಿಸಿತು. ಈಗ ಅವನು ತನ್ನ ಗೆಳೆಯರಿಗೂ ‘ಜೀಕ್’ ಎನ್ನುತ್ತಾನೆ. ಅವರಲ್ಲಿ ಇಬ್ಬರು ಮರಾಠಿ, ಒಬ್ಬ ಸಿಂಧಿ.

ವಿಡಿಯೊದಲ್ಲಿರುವವನು ಟೋನಿ ಹಾಕ್. ಅವತ್ತು ಅವನಿಗೆ 31. ಗಾಳಿಯಲ್ಲಿ ಎರಡೂವರೆ ಸುತ್ತು, 900 ಡಿಗ್ರಿ. ಹನ್ನೊಂದು ಸಲ ಏರಿ ಹನ್ನೊಂದು ಸಲ ಬಿದ್ದ. ಸ್ಪರ್ಧೆಯ ಸಮಯ ಯಾವಾಗಲೋ ಮುಗಿದಿತ್ತು, ಯಾರೂ ಮನೆಗೆ ಹೋಗಲಿಲ್ಲ. ಎದುರಾಳಿಗಳೇ ಹಲಗೆಯನ್ನು ರಾಂಪಿಗೆ ಬಡಿಯುತ್ತ ನಿಂತಿದ್ದರು. ಹನ್ನೆರಡನೆಯದರಲ್ಲಿ ಗಾಲಿ ನಾಲ್ಕೂ ಮರಕ್ಕೆ ಕೂತವು, ಮೈ ಕುಗ್ಗಿ ಇನ್ನೇನು ಕೈ ತಾಗಬೇಕು, ಎದ್ದ. ನನಗೆ ಆ ಹನ್ನೆರಡನೆಯದಕ್ಕಿಂತ ಮೊದಲಿನ ಹನ್ನೊಂದನ್ನು ನೋಡುವ ಚಟ. ಬೀಳುವಾಗ ಅವನು ಕೈ ಊರುವುದಿಲ್ಲ. ಗಾಳಿಯಲ್ಲೇ ಹಲಗೆಯನ್ನು ಬಿಟ್ಟು, ಎರಡು ಮೊಣಕಾಲನ್ನೂ ಒಟ್ಟಿಗೆ ಬಾಗಿನ ಮೇಲೆ ಇಟ್ಟು, ಮೊಣಕಾಲಿನ ಪ್ಲಾಸ್ಟಿಕ್ ಚಿಪ್ಪಿನ ಮೇಲೆ ಜಾರಿಕೊಂಡು, ಹರಕೆಯವರ ಹಾಗೆ ಬುಡಕ್ಕೆ ಬಂದು ನಿಲ್ಲುತ್ತಾನೆ. ಈ ಕಸುಬಿನಲ್ಲಿ ಮೊದಲು ಕಲಿಸುವುದು ಇದನ್ನೇ. ಶಹಾಬಾದ್ ಕಲ್ಲಿನ ಮೇಲೆ ಇದು ಬರುವುದಿಲ್ಲ. ಜಾರಲಿಕ್ಕೆ ಬಾಗು ಬೇಕು, ಸಪಾಟಿನ ಮೇಲೆ ಮೊಣಕಾಲು ಕೊಟ್ಟರೆ ಮೊಣಕಾಲೇ ಹೋಗುತ್ತದೆ.

ಒಂದು ಸಂಜೆ ಅಜ್ಜಿ ಭಕ್ರಿ ಕಟ್ಟಿಕೊಂಡು ಕೆಳಗೆ ಬಂದವರು ನನ್ನನ್ನೇ ಹಿಡಿದರು. “ಅಲ್ರೀ, ನೀವ ಹೇಳ್ರಿ. ಇದರಾಗ ಪಗಾರ ಯಾರ ಕೊಡ್ತಾರ?”

ನ್ಯಾಯವಾದ ಪ್ರಶ್ನೆ. ಪಗಾರ ಯಾರೂ ಕೊಡುವುದಿಲ್ಲ. ಹೆಸರು ಬಂದವನ ಹೆಸರು ಹಚ್ಚಿದ ಹಲಗೆ ಮಾರಾಟವಾದರೆ ಅದರಲ್ಲಿ ಅವನಿಗೊಂದು ಪಾಲು, ಬೂಟಿನವರು ಕೊಡುವುದು, ಬಟ್ಟೆಯವರು ಕೊಡುವುದು, ಗೆದ್ದರೆ ಬಹುಮಾನ, ಊರೂರು ತಿರುಗಿ ಆಡಿ ತೋರಿಸಿದರೆ ಅದರದಿಷ್ಟು. ಬಯಲಾಟದ ಮೇಳದ ಹಾಗೆ ಎಂದೆ. ಅಜ್ಜಿಗೆ ಅರ್ಥವಾಯಿತು, ಸಮಾಧಾನ ಆಗಲಿಲ್ಲ.

ಹಾಕ್‌ನ ಕತೆಯನ್ನೇ ಹೇಳಿದೆ. ಹದಿನಾಲ್ಕಕ್ಕೆ ವೃತ್ತಿಪರನಾದ, 1982ರಲ್ಲಿ. ಹಲಗೆಯ ಪಾಲಿನ ಮೊದಲ ಚೆಕ್ಕು 85 ಸೆಂಟ್, ಒಂದು ಡಾಲರೂ ಅಲ್ಲ. ಎಂಬತ್ತರ ದಶಕದ ನಡುವಿನಲ್ಲಿ ದುಡ್ಡು ಎಷ್ಟು ಬಂತೆಂದರೆ ಶಾಲೆ ಮುಗಿಯುವ ಮೊದಲೇ ಮನೆ ಕೊಂಡ. ಆಮೇಲೆ ಫಾಲ್‌ಬ್ರೂಕಿನಲ್ಲಿ ಹೊಲದಂಥ ಜಾಗ ತೆಗೆದುಕೊಂಡು ಸ್ವಂತ ರಾಂಪು ಕಟ್ಟಿದ. ತೊಂಬತ್ತರ ಹೊತ್ತಿಗೆ ಎಲ್ಲ ಕುಸಿಯಿತು. ಹುಡುಗರು ರಾಂಪು ಬಿಟ್ಟು ರಸ್ತೆಯ ಕಟ್ಟೆ, ಮೆಟ್ಟಿಲು, ಕಂಬಿಗಳ ಮೇಲೆ ಆಡತೊಡಗಿದರು, ವರ್ಟ್ ನೋಡುವವರಿಲ್ಲ. ಮನೆಯ ಮೇಲೆ ಸಾಲ ಎತ್ತಿ 1992ರಲ್ಲಿ ಬರ್ಡ್‌ಹೌಸ್ ಎಂಬ ಹಲಗೆ ಕಂಪನಿಗೆ ಹಾಕಿದ. ಊಟಕ್ಕೆ ದಿನಕ್ಕೆ ಐದು ಡಾಲರ್ ಲೆಕ್ಕ. ಕೆಲವು ವರ್ಷ ಹಾಗೇ ನಡೆಯಿತು. 1999ರಲ್ಲಿ ಆ ಎರಡೂವರೆ ಸುತ್ತು. ಅದೇ ವರ್ಷ ಅವನ ಹೆಸರಿನ ವಿಡಿಯೊ ಗೇಮ್. ಗೇಮಿನವರು ಪಾಲಿನ ಬದಲು ಐದು ಲಕ್ಷ ಡಾಲರ್ ಇಡಿಗಂಟು ತಗೋ ಎಂದಾಗ ಬೇಡವೆಂದನಂತೆ.

“ಬೇಡಂದನಂತ?” ಅಜ್ಜಿ ಹುಬ್ಬೇರಿಸಿದರು. “ಶಾಣ್ಯಾ ಇದ್ದಾನ ಬಿಡ್ರಿ.”

ನಾನು ಅಜ್ಜಿಗೆ ಹೇಳದೆ ಬಿಟ್ಟದ್ದು ಒಂದಿದೆ. ಈ ಕತೆಯಲ್ಲಿ ಹಾಕ್ ಎರಡನೆಯವನು, ಗೋಡೆ ಮೊದಲನೆಯದು. ಎಪ್ಪತ್ತರ ಕೊನೆಗೆ ಕಟ್ಟಿದ ಕಾಂಕ್ರೀಟು ಪಾರ್ಕುಗಳು ವಿಮೆಯ ಭಯಕ್ಕೆ ಒಂದೊಂದಾಗಿ ಮುಚ್ಚಿದಾಗ ಆಟಗಾರರೂ ಮುಚ್ಚಿಹೋದರು. ಉಳಿದವರು ಹಿತ್ತಲಲ್ಲಿ ಪ್ಲೈವುಡ್ಡಿನ ರಾಂಪು ಬಡಿದುಕೊಂಡವರು. ಹಾಕ್ ಬೆಳೆದದ್ದು ಡೆಲ್ ಮಾರ್ ಎಂಬಲ್ಲಿ ಉಳಿದಿದ್ದ ಒಂದು ಪಾರ್ಕಿನಲ್ಲಿ. ಅದೂ 1987ರಲ್ಲಿ ನೆಲಸಮ. ಸ್ಪರ್ಧೆ ನಡೆಸುವವರಿಲ್ಲ ಎಂದಾಗ ಅವನ ಅಪ್ಪ ಫ್ರಾಂಕ್ ಹಾಕ್ ತಾನೇ ಹವ್ಯಾಸಿಗಳ ಲೀಗು ಕಟ್ಟಿದ, 1983ರಲ್ಲಿ ರಾಷ್ಟ್ರೀಯ ಸಂಘವನ್ನೂ ಕಟ್ಟಿದ. ಕ್ರಿಕೆಟಿಗೆ ಓಣಿ ಸಾಕು, ಕುಸ್ತಿಗೆ ಮಣ್ಣು ಸಾಕು. ಈ ಕಸುಬಿನಲ್ಲಿ ಯಾರೋ ಮೊದಲು ಮರಗೆಲಸ ಮಾಡಿರಬೇಕು.

ನಮ್ಮಲ್ಲಿ ಆ ಮರಗೆಲಸ, ಗಾರೆಗೆಲಸ ಮೊದಲು ಕಂಡದ್ದು ಗೋವಾ, ಬೆಂಗಳೂರಿನಲ್ಲಿ. ನಿಕ್ ಸ್ಮಿತ್ ಎಂಬ ಇಂಗ್ಲೆಂಡಿನವನು ಗೋವಾದ ಅಂಜುನಾದಲ್ಲಿ ಒಂದು ಪಾರ್ಕು ಮಾಡಿ, ಆಮೇಲೆ ಬೆಂಗಳೂರಿಗೆ ಬಂದ. ಬೆಂಗಳೂರಿನ ಹುಡುಗರು ಹೋಲಿಸ್ಟೋಕ್ಡ್ ಎಂದು ಗುಂಪು ಕಟ್ಟಿಕೊಂಡು 2013ರಲ್ಲಿ ವಿದೇಶದ ಸ್ಕೇಟರುಗಳ ಜೊತೆ ಸೇರಿ ಕರಣಿ ಹಿಡಿದು ತಮ್ಮ ಬಾಗುಗಳನ್ನು ತಾವೇ ಗಿಲಾಯಿ ಮಾಡಿದರು; ಆ ಕೆಲಸವನ್ನೇ ಮುಂದೆ ಕಸುಬಾಗಿ ಹಿಡಿದು ಬೇರೆ ಊರುಗಳಲ್ಲೂ ಪಾರ್ಕು ಕಟ್ಟಿದರು. ಅದೇ ಬೆಂಗಳೂರಿನ ಅತೀತಾ ವರ್ಗೀಸ್ 2015ರಲ್ಲಿ ಗರ್ಲ್ ಸ್ಕೇಟ್ ಇಂಡಿಯಾ ಶುರುಮಾಡಿ ಹೆಣ್ಣುಮಕ್ಕಳನ್ನು ಹಲಗೆ ಹತ್ತಿಸಿದಳು. ಇವರ ದಾರಿಯೆಲ್ಲ ಒಂದೇ: ಮೊದಲು ಸಿಮೆಂಟು ಕಲಸು, ಆಮೇಲೆ ಆಡು.

ಬೆಳಗಾವಿಯನ್ನು ನೆನೆದರೆ ನಗು ಬರುತ್ತದೆ. ಪುಣೆಗೂ ಧಾರವಾಡಕ್ಕೂ ನಡುವಿನ ಆ ಊರಲ್ಲಿ ಗಾಲಿಯ ಹುಚ್ಚು ಹಳೆಯದು. ಆದರೆ ಅಲ್ಲಿಯ ರೋಹನ್ ಕೋಕಣೆ ಎಂಬ ಹುಡುಗ 2011ರಲ್ಲಿ ಗಿನ್ನೆಸ್ ದಾಖಲೆ ಮಾಡಿದ್ದು ಎತ್ತರದಲ್ಲಲ್ಲ. ರೋಲರ್ ಸ್ಕೇಟಿನ ಮೇಲೆ ಕಾಲು ಎರಡೂ ಕಡೆ ಚಾಚಿ, ಗದ್ದವನ್ನು ನೆಲಕ್ಕೆ ಹಚ್ಚಿ, ಗೇಣೆತ್ತರದ ಸಂದಿನಲ್ಲಿ 38 ಮೀಟರಿಗೂ ಹೆಚ್ಚು ನುಸುಳಿದ್ದು. ಕಾರುಗಳ ಹೊಟ್ಟೆಯ ಕೆಳಗೆ ಮಕ್ಕಳನ್ನು ಹೀಗೆ ನುಸುಳಿಸುವುದು ನಮ್ಮ ಕಡೆಯ ಸ್ಪೆಷಲ್. ಜಗತ್ತು ಗೋಡೆ ಹತ್ತಿ ಹಾರುತ್ತಿದ್ದಾಗ ನಾವು ಕಾರಿನ ಕೆಳಗೆ ಹೋದೆವು. ಕಾರು ಪ್ರತಿ ಓಣಿಯಲ್ಲೂ ಸಿಗುತ್ತದೆ, ಇನ್ನೇನು ಮಾಡಬೇಕು?

ಪುಣೆಯ ಹುಡುಗಿ ಶ್ರದ್ಧಾ ಗಾಯಕವಾಡ 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮಹಾರಾಷ್ಟ್ರಕ್ಕೆ ಸ್ಕೇಟ್‌ಬೋರ್ಡಿನ ಚಿನ್ನ ತಂದಾಗ ನಮ್ಮ ಪಾರ್ಕಿಂಗಿನಲ್ಲಿ ಹಬ್ಬ. ಅದು ಸ್ಟ್ರೀಟ್ ವಿಭಾಗ: ಮೆಟ್ಟಿಲು, ಕಂಬಿ, ಕಟ್ಟೆ. ಒಲಿಂಪಿಕ್ಸಿನಲ್ಲೂ ಟೋಕಿಯೊದಿಂದ ಇರುವುದು ಸ್ಟ್ರೀಟ್ ಮತ್ತು ಪಾರ್ಕ್, ಎರಡೇ. ವರ್ಟ್ ಇಲ್ಲ. ಹುಡುಗನ ಅಪ್ಪ ಇದನ್ನೇ ಹಿಡಿದು, ಸ್ಟ್ರೀಟ್ ಆಡು, ಸರ್ಟಿಫಿಕೇಟಾದರೂ ಸಿಗುತ್ತದೆ, ಕಾಲೇಜಿನಲ್ಲಿ ಕ್ರೀಡಾ ಕೋಟಾ ಇದೆ ಎನ್ನುತ್ತಾನೆ. ಅಪ್ಪನ ಮಾತು ತಪ್ಪಲ್ಲ. ಹುಡುಗ ಫೋನು ತೆಗೆದು ಮತ್ತೊಂದು ತೋರಿಸುತ್ತಾನೆ: ಆಸ್ಟ್ರೇಲಿಯಾದ ಅರಿಸಾ ಟ್ರೂ, ಹದಿನಾಲ್ಕರ ಹುಡುಗಿ, 2024ರ ಮೇನಲ್ಲಿ ವರ್ಟ್ ರಾಂಪಿನ ಮೇಲೆ ಹಾಕ್‌ನ ಅದೇ ಎರಡೂವರೆ ಸುತ್ತು, ಹೆಣ್ಣುಮಕ್ಕಳಲ್ಲಿ ಅದು ಮೊದಲನೆಯದು. ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಪಾರ್ಕ್ ವಿಭಾಗದ ಚಿನ್ನ. ಅದೇ ಪ್ಯಾರಿಸ್ಸಿನಲ್ಲಿ ಹಳೆಯ ವರ್ಟ್ ಹುಲಿ ಆಂಡಿ ಮ್ಯಾಕ್‌ಡೊನಾಲ್ಡ್ ಬ್ರಿಟನ್ ಪರ ಇಳಿದ, ವಯಸ್ಸು 51. ನಮ್ಮ ಎರಡನೆಯ ಮಹಡಿಯ ಕಿಟಕಿಗಿಂತ ಮೂರೇ ವರ್ಷ ಚಿಕ್ಕವನು.

ಮೊನ್ನೆ ಅನಂತ ಚತುರ್ದಶಿ ಮುಗಿಯಿತು. ಮರುದಿನ ಮಧ್ಯಾಹ್ನ ಚೌಕದ ಗಣಪತಿ ಮಂಡಳದವರು ಮಂಟಪ ಬಿಚ್ಚುತ್ತಿದ್ದರು. ರಸ್ತೆಯ ತುಂಬ ಗುಲಾಲು, ಮಳೆಗೆ ಕೆಂಪು ಕೆಸರಾಗಿ ಚಪ್ಪಲಿಗೆ ಅಂಟುತ್ತಿತ್ತು. ಈ ಸಲ ಅರಮನೆಯ ದೇಖಾವೆ: ಎರಡು ಮಹಡಿ ಎತ್ತರದ ಮುಂಭಾಗ, ಐದು ಕಮಾನು, ಮೇಲೊಂದು ಗುಮ್ಮಟ. ಹದಿನೈದು ದಿನದಲ್ಲಿ ಎಬ್ಬಿಸಿದ್ದು, ಒಂದೂವರೆ ದಿನದಲ್ಲಿ ಮಲಗಿಸುವುದು. ಬಣ್ಣದ ಬಟ್ಟೆ, ಥರ್ಮಾಕೋಲು, ಸೀರಿಯಲ್ ದೀಪ ಎಲ್ಲ ಇಳಿದ ಮೇಲೆ ಅರಮನೆಯ ಎಲುಬು ಕಂಡಿತು. ನಾನು ಹಾಲು ತರಲು ಹೊರಟವನು ಅಲ್ಲೇ ನಿಂತೆ. ಹುಡುಗ ನನಗಿಂತ ಮೊದಲೇ ನಿಂತಿದ್ದ, ಹಲಗೆ ಕಂಕುಳಲ್ಲಿ.

ಕಮಾನನ್ನು ಅಡ್ಡ ಮಲಗಿಸಿದ್ದರು. ಬಾಗಿಸಿ ಕತ್ತರಿಸಿದ ಮರದ ಪಕ್ಕೆಲುಬು, ಗೇಣಿಗೊಂದು ಅಡ್ಡಪಟ್ಟಿ, ಅದರ ಮೇಲೆ ತೆಳು ಪ್ಲೈವುಡ್ಡನ್ನು ಎರಡು ಪದರ ಬಗ್ಗಿಸಿ ಮೊಳೆ ಹೊಡೆದದ್ದು. ಅಡ್ಡಲಾಗಿ ಬಿದ್ದ ಅರ್ಧ ಕಮಾನು ನೆಲದಿಂದ ದುಂಡಗೆ ಎದ್ದು, ನನ್ನ ಎದೆಯ ಮಟ್ಟಕ್ಕೆ ಬಂದು, ಅಲ್ಲಿ ನೆಟ್ಟಗೆ ನಿಂತಿತ್ತು.

ಹುಡುಗ ಹತ್ತಿರ ಹೋಗಿ ಬಾಗಿನ ಬುಡದಿಂದ ಗೇಣು ಹಾಕುತ್ತ ಬಂದ. ಒಂದು, ಎರಡು, ಮೂರು. ಬೆರಳ ಗೆಣ್ಣಿನಿಂದ ಪ್ಲೈವುಡ್ಡನ್ನು ತಟ್ಟಿ ಕಿವಿ ಹಚ್ಚಿದ, ಭಾನುವಾರದ ಬೇರಿಂಗಿಗೆ ಹಚ್ಚುವ ಹಾಗೆ.

“ಕಾಕಾ, ಆರು ಎಂಎಂ ಇರಬೇಕಲ್ರಿ?”

ಮಂಟಪದ ಮಿಸ್ತ್ರಿ ಬೀಡಿ ಕಚ್ಚಿಕೊಂಡೇ ನಮ್ಮ ಕಡೆ ನೋಡಿದ. ನಾನು ಮರಾಠಿಯಲ್ಲಿ, ಇದನ್ನೆಲ್ಲ ಏನು ಮಾಡುತ್ತೀರಿ ಎಂದು ಕೇಳಿದೆ. ಗೋದಾಮಿಗೆ ಹೋಗುತ್ತದೆ, ಮುಂದಿನ ವರ್ಷದ ತನಕ ಅಲ್ಲೇ, ಒಡೆದದ್ದನ್ನು ಮಾರುತ್ತೇವೆ ಎಂದ. ಇದು ಒಡೆದಿಲ್ಲವಲ್ಲ ಎಂದೆ. ಅವನು ಹುಡುಗನನ್ನು ನೋಡಿದ, ಕಂಕುಳಲ್ಲಿದ್ದ ಹಲಗೆಯನ್ನು ನೋಡಿದ, ಕಮಾನನ್ನು ನೋಡಿದ. ಎದ್ದು ಬಂದು ಕಮಾನಿನ ಬೆನ್ನಿಗೆ ತನ್ನ ಹೆಗಲು ಕೊಟ್ಟು ನಿಂತು, ಬೀಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ಸರಿಸಿದ.

“ಚಲ್, ಏಕದಾಚ್” ಎಂದ. ಒಂದೇ ಸಲ.

ಹುಡುಗ ಅಂಗಿಯ ತುದಿಯಿಂದ ಗಾಲಿಗಂಟಿದ ಗುಲಾಲು ಒರೆಸಿಕೊಂಡ. ನಾಲ್ಕನ್ನೂ. ಆಮೇಲೆ ಹತ್ತು ಹೆಜ್ಜೆ ಹಿಂದಕ್ಕೆ ಹೋದ.